ಆರ್ಚ್‌ಬಿಷಪ್ ಹೆಸರಿನಲ್ಲಿ ಚಿನ್ನದ ನಾಣ್ಯ! ಚರ್ಚಿನವರಿಗೆ ಟಂಕಸಾಲೆ ಯಾಕೆ ಬೇಕಿತ್ತು?

ಹಾಸನದ_ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ ಮಾಡುತ್ತೇನೆ, ಮನೆ ಇರುವುದು ಹ್ಯೋಕ್ಸ್ಟ್‌ನಲ್ಲಿ. ಊರಿನಿಂದ ಅತ್ತೆ ಬಂದಿದ್ದಾರೆ. ಹೋದ ಭಾನುವಾರ ಮಳೆ ಬಿಡಲೇ ಇಲ್ಲ, ಸುಮ್ನೆ ಮನೆಯಲ್ಲಿ ಕೂರುವ ಬದಲು ಅವರನ್ನು ಒಂದು ಮ್ಯೂಸಿಯಂಗೆ ಕರೆದುಕೊಂಡು ಹೋದೆ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಒಂದು ಚಿನ್ನದ ನಾಣ್ಯ ಇತ್ತು. ನಮ್ಮ ಈಗಿನ ಒಂದು ರೂಪಾಯಿಯಷ್ಟು ಅಗಲ, ಆದರೆ ತುಂಬಾ ತೆಳು, ಕಾಸಿನ ಸರದ ಕಾಸಿನ ಹಾಗೆ. ಪಕ್ಕದ ಚೀಟಿಯಲ್ಲಿ ಮೈಂಟ್ಸ್‌ನ ಆರ್ಚ್‌ಬಿಷಪ್ ಎರಡನೇ ಯೋಹಾನ್, ಟಂಕಸಾಲೆ ಹ್ಯೋಕ್ಸ್ಟ್, ಸುಮಾರು 1400 ಅಂತ ಬರೆದಿತ್ತು. ನಾನು ದಿನಾ ತರಕಾರಿ ತರುವ ಹ್ಯೋಕ್ಸ್ಟ್!

ಅತ್ತೆಗೆ ಅರ್ಥ ಹೇಳಿದೆ. ಅವರು ಒಂದು ನಿಮಿಷ ನೋಡಿ, "ಅಲ್ಲಪ್ಪಾ, ನಮ್ಮಲ್ಲಿ ಸ್ವಾಮಿಗಳು ದುಡ್ಡು ಮುಟ್ಟೋದಿಲ್ಲ ಅಂತಾರೆ, ಇವರು ಅಚ್ಚೇ ಹಾಕಿಬಿಟ್ಟಿದಾರಲ್ಲ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ. ಧರ್ಮಗುರುವಿಗೆ ನಾಣ್ಯ ಹೊರಡಿಸುವ ಅಧಿಕಾರ ಎಲ್ಲಿಂದ ಬಂತು? ಮೈಂಟ್ಸ್‌ನವನು ಹ್ಯೋಕ್ಸ್ಟ್‌ಗೆ ಬಂದು ಯಾಕೆ ಅಚ್ಚು ಹಾಕಿಸಿದ? ಒಂದು ಬದಿಯಲ್ಲಿ ಉಣ್ಣೆಯ ಅಂಗಿಯ ಒಬ್ಬ ಸಂತ ಇದ್ದಾನೆ, ಇನ್ನೊಂದು ಬದಿಯಲ್ಲಿ ನಡುವೆ ಒಂದು ದೊಡ್ಡ ಗುರಾಣಿ, ಸುತ್ತ ಮೂರು ಚಿಕ್ಕ ಗುರಾಣಿ. ಅದರ ಲೆಕ್ಕ ಏನು? ಗೊತ್ತಿದ್ದವರು ಹೇಳಿ.

ಒರೆಗಲ್ಲು_ಮೈಸೂರು:

ಆಹಾ, ಬಹಳ ದಿನದ ಮೇಲೆ ಇಲ್ಲಿ ಒಂದು ಒಳ್ಳೇ ಪ್ರಶ್ನೆ. ನಾನು ಇಪ್ಪತ್ತು ವರ್ಷದಿಂದ ನಾಣ್ಯ ಕೂಡಿಡುವ ಹುಚ್ಚಿನವನು, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ತಲೆಯಿಂದ ತೆಗೆದುಹಾಕಬೇಕಾದ ಒಂದು ವಿಷಯ. ಅವನನ್ನು ಬರೀ ಧರ್ಮಗುರು ಅಂದುಕೊಳ್ಳಬೇಡಿ. ಮೈಂಟ್ಸ್, ಕೊಲೋನ್, ಟ್ರಿಯರ್ ಈ ಮೂರು ಊರುಗಳ ಆರ್ಚ್‌ಬಿಷಪ್‌ಗಳು ಆಗ ಸಣ್ಣ ರಾಜರೇ. ಸ್ವಂತ ನಾಡು, ಕೋಟೆ, ಸೈನ್ಯ, ನ್ಯಾಯಾಲಯ, ತೆರಿಗೆ ಎಲ್ಲ ಇತ್ತು. ಮಕ್ಕಳಿಗೆ ಪಟ್ಟ ಕಟ್ಟುವ ಹಾಗಿರಲಿಲ್ಲ, ಅದೊಂದೇ ವ್ಯತ್ಯಾಸ. ಅದೂ ಹೆಸರಿಗೆ ಮಾತ್ರ, ಯಾಕೆಂದರೆ ನಿಮ್ಮ ಯೋಹಾನ್ ನಾಸೌ ಮನೆತನದವನು, ಅವನ ಅಣ್ಣ ಒಂದನೇ ಅಡಾಲ್ಫ್ ಕೂಡ ಅದೇ ಪೀಠದಲ್ಲಿ ಕೂತು ಹೋಗಿದ್ದ.

ಇನ್ನೊಂದು ವಿಷಯ. ಜರ್ಮನ್ ರಾಜನನ್ನು ಆರಿಸುವ ಏಳು ಜನರಲ್ಲಿ ಈ ಮೂವರೂ ಇದ್ದರು. 1356ರಲ್ಲಿ ಚಕ್ರವರ್ತಿ ನಾಲ್ಕನೇ ಕಾರ್ಲ್ ಒಂದು ದೊಡ್ಡ ಶಾಸನ ಹೊರಡಿಸಿದ, ಅದರ ಮುದ್ರೆ ಚಿನ್ನದ್ದು, ಅದಕ್ಕೇ ಗೋಲ್ಡನ್ ಬುಲ್ ಅಂತ ಹೆಸರು. ಬುಲ್ ಅಂದರೆ ಇಲ್ಲಿ ಗೂಳಿ ಅಲ್ಲ, ಮುದ್ರೆ. ಈ ಏಳು ಜನ ಚಿನ್ನ, ಬೆಳ್ಳಿ ಎರಡರಲ್ಲೂ ನಾಣ್ಯ ಟಂಕಿಸಬಹುದು ಅಂತ ಅದರಲ್ಲಿ ಬರೆದುಕೊಟ್ಟ. ಹಾಗಾಗಿ ಅಧಿಕಾರ ಬಂದಿದ್ದು ಪೋಪ್‌ನಿಂದ ಅಲ್ಲ, ಚಕ್ರವರ್ತಿಯಿಂದ. ನಿಮ್ಮ ಅತ್ತೆಯವರ ಪ್ರಶ್ನೆಗೆ ಚಿಕ್ಕ ಉತ್ತರ ಬೇಕು ಅಂದರೆ, ಆ ನಾಣ್ಯ ಹೊರಡಿಸಿದ್ದು ಸ್ವಾಮಿ ಅಲ್ಲ, ಸ್ವಾಮಿಯ ಒಳಗಿದ್ದ ರಾಜ.

ಈಗ ಹ್ಯೋಕ್ಸ್ಟ್. ಇದು ನನಗೆ ತುಂಬಾ ಇಷ್ಟವಾದ ಭಾಗ. ಒಂದು ನಕ್ಷೆ ತೆಗೆದುಕೊಂಡು ಇವರ ಟಂಕಸಾಲೆಗಳನ್ನು ಗುರುತು ಹಾಕಿ ನೋಡಿ. ಮೈಂಟ್ಸ್‌ನವರದ್ದು ಹ್ಯೋಕ್ಸ್ಟ್, ಬಿಂಗೆನ್, ಓಬರ್‌ಲಾನ್‌ಸ್ಟೈನ್. ಟ್ರಿಯರ್‌ನವರದ್ದು ಕೋಬ್ಲೆಂಟ್ಸ್, ಓಬರ್‌ವೇಸೆಲ್. ಕೊಲೋನ್‌ನವರದ್ದು ಬಾನ್, ರೀಲ್, ಡಾಯ್ಟ್ಸ್. ಎಲ್ಲವೂ ನದಿ ದಡ. ಹ್ಯೋಕ್ಸ್ಟ್ ಒಂದು ಮಾತ್ರ ಮೈನ್ ನದಿಯ ಮೇಲೆ, ಉಳಿದವು ರೈನ್ ಮೇಲೆ. ಅವುಗಳಲ್ಲಿ ಹೆಚ್ಚಿನವು ಸುಂಕದಕಟ್ಟೆಗಳು! ಆಗ ರೈನ್ ಮೇಲೆ ಹೋಗುವ ದೋಣಿಗೆ ಕೆಲವು ಮೈಲಿಗೊಂದು ಕಡೆ ಸುಂಕ ಕಟ್ಟಬೇಕಿತ್ತು, ಅದರಲ್ಲಿ ದೊಡ್ಡ ಪಾಲು ಈ ಮೂರು ಆರ್ಚ್‌ಬಿಷಪ್‌ಗಳದ್ದು ಮತ್ತು ಅವರ ನೆರೆಯ ಪ್ಯಾಲಟಿನೇಟ್ ದೊರೆಯದ್ದು. ವೈನ್, ಉಪ್ಪು, ಉಣ್ಣೆ, ಮೀನು ಏನೇ ತಂದರೂ ಬಿಡುತ್ತಿರಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನುವ ಗಾದೆ ಅಲ್ಲಿಯ ದೋಣಿಯವರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು.

ಈಗ ನೀವೇ ಯೋಚಿಸಿ. ವ್ಯಾಪಾರಿ ಬರುತ್ತಾನೆ, ಹತ್ತು ಊರಿನ ಹತ್ತು ಥರದ ಚಿಲ್ಲರೆ ಕೊಡುತ್ತಾನೆ. ಅದನ್ನು ತೂಗಿ, ಒರೆ ಹಚ್ಚಿ, ಕರಗಿಸಿ, ಅಲ್ಲೇ ನಿಮ್ಮ ಅಚ್ಚು ಹೊಡೆದು ಹೊರಗೆ ಬಿಟ್ಟರೆ? ಸುಂಕದಲ್ಲೂ ಲಾಭ, ಟಂಕಿಸಿದ್ದರಲ್ಲೂ ಲಾಭ. ಹ್ಯೋಕ್ಸ್ಟ್ ಅಂದರೆ ಫ್ರಾಂಕ್‌ಫರ್ಟ್ ಬಾಗಿಲಲ್ಲೇ ಇರುವ ಜಾಗ. ಫ್ರಾಂಕ್‌ಫರ್ಟ್ ಜಾತ್ರೆಗೆ ಯುರೋಪಿನ ವ್ಯಾಪಾರಿಗಳೆಲ್ಲ ಬರುತ್ತಿದ್ದರು, ಆದರೆ ಆ ಊರು ಆರ್ಚ್‌ಬಿಷಪ್ ಕೈಯಲ್ಲಿ ಇರಲಿಲ್ಲ, ಅದು ಚಕ್ರವರ್ತಿಗೆ ಮಾತ್ರ ತಲೆಬಾಗುವ ಸ್ವತಂತ್ರ ನಗರ. ಹಾಗಾಗಿ ಪಕ್ಕದ ಹ್ಯೋಕ್ಸ್ಟ್‌ನಲ್ಲಿ ಕೋಟೆ ಕಟ್ಟಿ, ನದಿಗೆ ಅಡ್ಡ ಕೂತ. ಆ ಹಳೇ ಕೋಟೆಯ ಗೋಪುರ ಈಗಲೂ ನಿಂತಿದೆ, ನೀವು ನೋಡಿರುತ್ತೀರಿ.

ನಾಲ್ಕು ಗುರಾಣಿಯ ಕಥೆ ಇನ್ನೂ ದೊಡ್ಡದು. ಊಟ ಮುಗಿಸಿ ಬಂದು ಬರೆಯುತ್ತೇನೆ.

ಮಾರಾಯ್ರೆ_72:

ಒರೆಗಲ್ಲು ಸರ್ ಊಟಕ್ಕೆ ಹೋದರೆ ಎರಡು ಗಂಟೆ. ಅಷ್ಟರಲ್ಲಿ ನಾನೊಂದು ಮಾತು ಸೇರಿಸುತ್ತೇನೆ.

ನಾನು ಮಂಗಳೂರಿನ ಕ್ಯಾಥೊಲಿಕ್. ಚಿಕ್ಕಂದಿನಲ್ಲಿ ನಮಗೆ ಬಿಷಪ್ ಅಂದರೆ ವರ್ಷಕ್ಕೊಮ್ಮೆ ಊರಿನ ಚರ್ಚಿಗೆ ಬಂದು ಹಣೆಗೆ ಎಣ್ಣೆ ಹಚ್ಚಿ ಹೋಗುವವರು. ಅವರ ಹೆಸರಿನ ಕಾಸು ಯಾರೂ ಕಂಡಿಲ್ಲ ಮಾರಾಯ್ರೆ! ಆ ಕಾಲದ ಜರ್ಮನಿಯ ಕಥೆಯೇ ಬೇರೆ. ಆಗ ಒಬ್ಬನೇ ಮನುಷ್ಯನಿಗೆ ಎರಡು ನಕ್ಷೆ ಇರುತ್ತಿತ್ತು. ಒಂದು ಅವನ ಧರ್ಮಪ್ರಾಂತ್ಯದ್ದು, ಅಲ್ಲಿ ಅವನು ಪಾದ್ರಿಗಳ ಮೇಲಿನ ಯಜಮಾನ. ಇನ್ನೊಂದು ಅವನು ಆಳುವ ನಾಡಿನದ್ದು, ಅಲ್ಲಿ ಅವನು ದೊರೆ. ಎರಡರ ಗಡಿಯೂ ಬೇರೆ ಬೇರೆ. ನಾಣ್ಯ ಎರಡನೇ ನಕ್ಷೆಗೆ ಸೇರಿದ್ದು.

ಇದಕ್ಕೆ ಕೊಲೋನ್‌ಗಿಂತ ಒಳ್ಳೇ ಉದಾಹರಣೆ ಇಲ್ಲ. ಅಲ್ಲಿಯ ಆರ್ಚ್‌ಬಿಷಪ್ 1288ರಲ್ಲಿ ವೋರಿಂಗೆನ್ ಅನ್ನುವ ಕಡೆ ಯುದ್ಧದಲ್ಲಿ ಸೋತ. ಎದುರು ಪಕ್ಷದಲ್ಲಿ ಕೊಲೋನ್ ಊರಿನ ಜನರೇ ಇದ್ದರು. ಅದಾದ ಮೇಲೆ ಪೀಠ ಕೊಲೋನ್‌ನಲ್ಲಿ, ದೊಡ್ಡ ಕೆಥೆಡ್ರಲ್ ಕೊಲೋನ್‌ನಲ್ಲಿ, ಆದರೆ ಊರಿನ ಆಡಳಿತ ಮಾತ್ರ ಅವನ ಕೈಯಲ್ಲಿ ಇಲ್ಲ. ಪೂಜೆಗೆ ಬರಬಹುದು, ಆಳಲು ಬರಬಾರದು. ಅದಕ್ಕೇ ಮೇಲೆ ಸರ್ ಹೇಳಿದ ಟಂಕಸಾಲೆ ಪಟ್ಟಿ ನೋಡಿ, ಬಾನ್ ಬೇರೆ ಊರು, ಡಾಯ್ಟ್ಸ್ ನದಿಯ ಆಚೆ ದಡ, ರೀಲ್ ಊರಗೋಡೆಯ ಹೊರಗೆ. ಕೊಲೋನ್ ಆರ್ಚ್‌ಬಿಷಪ್‌ನ ನಾಣ್ಯ ಕೊಲೋನ್ ಸುತ್ತಮುತ್ತ ಎಲ್ಲ ಕಡೆ ತಯಾರಾಗುತ್ತಿತ್ತು, ಕೊಲೋನ್ ಒಳಗೆ ಬಿಟ್ಟು.

ಹಾಸನದ_ಹುಡುಗ:

ಅಯ್ಯೋ ಇದು ಮಜಾ ಇದೆ. ಕೋಟೆ ಗೋಪುರ ನಮ್ಮ ಮನೆಯಿಂದ ಹತ್ತು ನಿಮಿಷ. ಅದರ ಕೆಳಗೆ ಕೂತು ಐಸ್‌ಕ್ರೀಂ ತಿಂದಿದ್ದೇನೆ, ಸುಂಕದ ಜಾಗ ಅಂತ ಗೊತ್ತೇ ಇರಲಿಲ್ಲ. ಇಲ್ಲಿ ಎಲ್ಲ ಕಡೆ ಒಂದು ಚಕ್ರದ ಚಿತ್ರ ಕಾಣುತ್ತದೆ, ಆರು ಕಡ್ಡಿಯ ಗಾಡಿ ಚಕ್ರ. ನಾಣ್ಯದ ಮೇಲೂ ಅದೇ ಇದ್ದ ಹಾಗಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಒರೆಗಲ್ಲು_ಮೈಸೂರು:

ಇದೆ, ಅದೇ ಮೈಂಟ್ಸ್ ಚಕ್ರ. ಹ್ಯೋಕ್ಸ್ಟ್ ಅವರ ಊರಾಗಿತ್ತಲ್ಲ, ಲಾಂಛನ ಹಾಗೇ ಉಳಿದುಕೊಂಡಿದೆ. ಅದಕ್ಕೊಂದು ದಂತಕಥೆಯೂ ಇದೆ. ಹಿಂದೆ ವಿಲ್ಲಿಗಿಸ್ ಅನ್ನುವ ಆರ್ಚ್‌ಬಿಷಪ್ ಗಾಡಿ ಚಕ್ರ ಮಾಡುವವನ ಮಗ, ಜನ ಆಡಿಕೊಂಡು ಗೋಡೆ ಮೇಲೆ ಚಕ್ರ ಬರೆದರು, ಅವನು ಅದನ್ನೇ ತನ್ನ ಗುರುತು ಮಾಡಿಕೊಂಡ ಅಂತ. ಕಥೆ ಚೆನ್ನಾಗಿದೆ, ನಿಜ ಅಂತ ನಂಬಬೇಡಿ.

ಸರಿ, ಗುರಾಣಿಗೆ ಬರೋಣ. 1385–86ರಲ್ಲಿ ನಾಲ್ಕು ಜನ ಕೂತು ಒಂದು ಒಪ್ಪಂದ ಮಾಡಿಕೊಂಡರು. ಮೈಂಟ್ಸ್‌ನ ಒಂದನೇ ಅಡಾಲ್ಫ್, ಟ್ರಿಯರ್‌ನ ಕುನೋ, ಕೊಲೋನ್‌ನ ಮೂರನೇ ಫ್ರೀಡ್ರಿಶ್, ಇವರು ಮೂವರು ಆರ್ಚ್‌ಬಿಷಪ್‌ಗಳು. ನಾಲ್ಕನೆಯವನು ಪ್ಯಾಲಟಿನೇಟ್‌ನ ಒಂದನೇ ರೂಪ್ರೆಶ್ಟ್, ಅವನಿಗೂ ರಾಜನನ್ನು ಆರಿಸುವ ಹಕ್ಕು ಇತ್ತು, ಚರ್ಚಿನವನಲ್ಲ. ಒಪ್ಪಂದ ಸರಳ. ನಾಲ್ವರ ಚಿನ್ನದ ನಾಣ್ಯವೂ ಒಂದೇ ತೂಕ, ಒಂದೇ ಮಟ್ಟದ ಚಿನ್ನ. 23 ಕ್ಯಾರೆಟ್, ಸುಮಾರು 3.54 ಗ್ರಾಂ. ಅಂದರೆ ನಮ್ಮ ಲೆಕ್ಕದಲ್ಲಿ ಅರ್ಧ ಪವನಿಗೆ ಸ್ವಲ್ಪ ಕಮ್ಮಿ. ಯಾರ ನಾಣ್ಯ ಆದರೂ ನಾಲ್ಕೂ ನಾಡಿನಲ್ಲಿ ಓಡಬೇಕು. ಇದನ್ನೇ ರೈನ್ ಗುಲ್ಡನ್ ಅನ್ನುವುದು.

ನಿಮ್ಮ ನಾಣ್ಯದ ಹಿಂಬದಿ ಅಂದರೆ ಈ ಒಪ್ಪಂದದ ಬೋರ್ಡ್ ಇದ್ದ ಹಾಗೆ. ನಡುವಿನ ಗುರಾಣಿ ಹೊರಡಿಸಿದವನದು, ಸುತ್ತಲಿನ ಮೂರು ಪಾಲುದಾರರದ್ದು. ಪ್ಯಾಲಟಿನೇಟ್‌ನದ್ದು ಸುಲಭ, ಸಿಂಹ ಅಥವಾ ಓರೆಯಾದ ಚೌಕುಳಿ. ಕೊಲೋನ್ ಮತ್ತು ಟ್ರಿಯರ್ ಮಾತ್ರ ತಲೆನೋವು, ಎರಡೂ ಶಿಲುಬೆ. ಬಣ್ಣದಲ್ಲಿ ಕೊಲೋನ್‌ನದ್ದು ಕಪ್ಪು, ಟ್ರಿಯರ್‌ನದ್ದು ಕೆಂಪು. ಚಿನ್ನದ ಮೇಲೆ ಬಣ್ಣ ಎಲ್ಲಿಂದ ಬರಬೇಕು? ಆಗ ಅಕ್ಷರ ಓದಬೇಕು. ಸಂತನ ಸುತ್ತ ಆರ್ಚ್‌ಬಿಷಪ್‌ನ ಹೆಸರು, ಪಕ್ಕದಲ್ಲಿ ಆರ್ಚ್‌ಬಿಷಪ್ ಅನ್ನುವುದಕ್ಕೆ ಲ್ಯಾಟಿನ್‌ನಲ್ಲಿ ಮುರಿದು ಬರೆದ ಆರೆಪುಸ್ ಅನ್ನುವ ಥರದ ಅಕ್ಷರ. ಇನ್ನೊಂದು ಬದಿ ಮೊನೇಟಾ ಅಂತ ಶುರುವಾದರೆ ಅದರ ಮುಂದೆ ಟಂಕಸಾಲೆಯ ಊರು ಇರುತ್ತದೆ. ಮೊನೇಟಾ ಅಂದರೆ ನಾಣ್ಯ, ಅಷ್ಟೇ.

ಉಣ್ಣೆ ಅಂಗಿಯವನು ಸ್ನಾನಿಕ ಯೋಹಾನ. ಅದು ಒಂಟೆ ಕೂದಲಿನ ಅಂಗಿ. ಅವನು ಜರ್ಮನಿಯವನೂ ಅಲ್ಲ, ಮೈಂಟ್ಸ್‌ಗೆ ಸೇರಿದವನೂ ಅಲ್ಲ. ಅವನು ಫ್ಲಾರೆನ್ಸ್ ಊರಿನ ಕಾವಲು ಸಂತ. ಫ್ಲಾರೆನ್ಸ್‌ನವರು 1252ರಲ್ಲಿ ಫ್ಲೋರಿನ್ ಅನ್ನುವ ಚಿನ್ನದ ನಾಣ್ಯ ತಂದರು, ಒಂದು ಕಡೆ ಲಿಲ್ಲಿ ಹೂವು, ಇನ್ನೊಂದು ಕಡೆ ಇದೇ ಯೋಹಾನ. ಅದು ಎಷ್ಟು ಓಡಿತು ಅಂದರೆ ಎಲ್ಲರೂ ನಕಲು ಮಾಡಿದರು. ಸ್ವತಃ ಪೋಪ್ ಬಿಟ್ಟಿಲ್ಲ! ಆಗ ಪೋಪ್‌ಗಳು ರೋಮ್ ಬಿಟ್ಟು ಫ್ರಾನ್ಸ್ ಕಡೆಯ ಅವಿನ್ಯೋನ್‌ನಲ್ಲಿ ಕೂತಿದ್ದ ಕಾಲ. ಇಪ್ಪತ್ತೆರಡನೇ ಜಾನ್ 1322ರಲ್ಲಿ ಪಕ್ಕದ ಸೋರ್ಗ್ ಅನ್ನುವ ಊರಿನಲ್ಲಿ ಫ್ಲೋರಿನ್ ಮಾದರಿಯಲ್ಲೇ ಅಚ್ಚು ಹಾಕಿಸಿದ. ಅದೇ ಲಿಲ್ಲಿ, ಅದೇ ಸಂತ. ಜನ ಚಿತ್ರ ನೋಡಿ ತಗೊಳ್ಳುತ್ತಾರೆ, ಅಕ್ಷರ ಓದುವವರು ಯಾರು? ರೈನ್ ಕಡೆಯವರು ಲಿಲ್ಲಿಯ ಜಾಗಕ್ಕೆ ತಮ್ಮ ಗುರಾಣಿ ತಂದರು, ಯೋಹಾನನನ್ನು ಮಾತ್ರ ತುಂಬಾ ವರ್ಷ ಹಾಗೇ ಇಟ್ಟುಕೊಂಡರು. ಆಮೇಲೆ ನಿಧಾನಕ್ಕೆ ಬೀಗದ ಕೈ ಹಿಡಿದ ಸಂತ ಪೇತ್ರ, ಸಿಂಹಾಸನದ ಮೇಲೆ ಕೂತ ಕ್ರಿಸ್ತ ಎಲ್ಲ ಬಂದರು.

ಇನ್ನೊಂದು ಹೇಳದೆ ಇರಲಾರೆ. 1400ರ ಆಗಸ್ಟ್‌ನಲ್ಲಿ ಇದೇ ಓಬರ್‌ಲಾನ್‌ಸ್ಟೈನ್‌ನಲ್ಲಿ ನಾಲ್ಕು ಜನ ಸೇರಿ ವೆನ್ಸೆಸ್ಲಾಸ್ ರಾಜನನ್ನು ಕೆಲಸಕ್ಕೆ ಬಾರದವನು ಅಂತ ಪಟ್ಟದಿಂದ ಇಳಿಸಿದರು. ಯಾರು ಆ ನಾಲ್ವರು? ಮೈಂಟ್ಸ್, ಟ್ರಿಯರ್, ಕೊಲೋನ್, ಪ್ಯಾಲಟಿನೇಟ್. ಮುಂದೆ ನಿಂತು ನಡೆಸಿದವನು ನಿಮ್ಮ ಎರಡನೇ ಯೋಹಾನ್. ಏಳರಲ್ಲಿ ನಾಲ್ಕು, ಬಹುಮತ. ಮಾರನೇ ದಿನ ಎದುರು ದಡದ ರೆನ್ಸ್‌ನಲ್ಲಿ ಪ್ಯಾಲಟಿನೇಟ್‌ನ ಮೂರನೇ ರೂಪ್ರೆಶ್ಟ್‌ನನ್ನೇ ರಾಜ ಮಾಡಿದರು. ನಿಮ್ಮ ನಾಣ್ಯದ ಹಿಂಬದಿ ಇರುವ ನಾಲ್ಕು ಗುರಾಣಿಯೇ ಆ ಸಭೆ.

ಲೆಕ್ಕದ_ಮೇಷ್ಟ್ರು:

ಒರೆಗಲ್ಲು ಅವರ ವಿವರಣೆ ಸೊಗಸಾಗಿದೆ, ಆದರೆ ಒಂದೇ ತೂಕ ಒಂದೇ ಚಿನ್ನ ಅಂತ ಕೇಳಿದರೆ ಭಾರೀ ಪ್ರಾಮಾಣಿಕರು ಅನಿಸಿಬಿಡುತ್ತದೆ. ಮುಂದಿನ ಕಥೆಯನ್ನೂ ಹೇಳಬೇಕು.

1386ರಲ್ಲಿ 23 ಕ್ಯಾರೆಟ್. 1409ರಲ್ಲಿ 22. 1425ರಲ್ಲಿ 19. 1490ರಲ್ಲಿ ಹದಿನೆಂಟೂವರೆ. ತೂಕವೂ ಕೊನೆಗೆ 3.28 ಗ್ರಾಂ ಹತ್ತಿರ ಬಂತು. ಕೂತು ಲೆಕ್ಕ ಹಾಕಿದರೆ ಮೊದಲ ನಾಣ್ಯದಲ್ಲಿ ಅಪ್ಪಟ ಚಿನ್ನ ಸುಮಾರು 3.4 ಗ್ರಾಂ, ನೂರು ವರ್ಷದ ನಂತರದ್ದರಲ್ಲಿ ಸುಮಾರು 2.5 ಗ್ರಾಂ. ಕಾಲು ಭಾಗಕ್ಕಿಂತ ಜಾಸ್ತಿ ಚಿನ್ನ ಮಾಯ! ಸಂತ ಅದೇ, ಗುರಾಣಿ ಅದೇ, ಹೆಸರೂ ಗುಲ್ಡನ್ನೇ. ಈಗ ಅಂಗಡಿಯಲ್ಲಿ ವಜ್ರದ ಒಡವೆಗೆ ಹಾಕುವ 18 ಕ್ಯಾರೆಟ್ ಮಟ್ಟಕ್ಕೆ ಬಂದು ನಿಂತಿತು.

ತಮಾಷೆ ಏನೆಂದರೆ ಇದು ಕದ್ದು ಮಾಡಿದ ಕೆಲಸ ಅಲ್ಲ. ನಾಲ್ವರೂ ಕೂತು, ಒಪ್ಪಿ, ಬರೆದುಕೊಂಡೇ ಇಳಿಸಿದ್ದು. ಚಿನ್ನ ದುಬಾರಿಯಾದಾಗ ಹಳೇ ಮಟ್ಟದಲ್ಲೇ ಹೊಡೆದರೆ ಟಂಕಸಾಲೆಗೆ ನಷ್ಟ, ನಾಣ್ಯ ಹೊರಗೆ ಹೋದ ಕೂಡಲೇ ಯಾರೋ ಕರಗಿಸಿ ಲಾಭ ಮಾಡುತ್ತಾರೆ. ಪಕ್ಕದವನು ಕಮ್ಮಿ ಚಿನ್ನದ್ದು ಬಿಟ್ಟರೆ ನಿಮ್ಮ ಒಳ್ಳೇದು ಪೆಟ್ಟಿಗೆ ಸೇರುತ್ತದೆ, ಅವನ ಕೆಟ್ಟದ್ದು ಸಂತೆಯಲ್ಲಿ ಓಡುತ್ತದೆ. ಆದ್ದರಿಂದ ಒಕ್ಕೂಟದ ನಿಜವಾದ ಕೆಲಸ ಮಟ್ಟ ಕಾಯುವುದಲ್ಲ, ಇಳಿಯುವುದಾದರೆ ಎಲ್ಲರೂ ಒಟ್ಟಿಗೆ ಇಳಿಯೋಣ ಅಂತ ನೋಡಿಕೊಳ್ಳುವುದು. ಇದು ನನ್ನ ಅಭಿಪ್ರಾಯ, ಒಪ್ಪದಿದ್ದರೆ ಬೈಯಿರಿ.

ವ್ಯಾಪಾರಿಗಳೇನು ದಡ್ಡರಾ? ಸಾಲಪತ್ರ ಬರೆಯುವಾಗ ಬರೀ ಗುಲ್ಡನ್ ಅಂತ ಬರೆಯುತ್ತಿರಲಿಲ್ಲ, ರೈನ್‌ದಾ ಹಂಗೇರಿಯದ್ದಾ ಅಂತ ಬಿಡಿಸಿ ಬರೆಯುತ್ತಿದ್ದರು. ಹಂಗೇರಿಯವರಿಗೆ ಸ್ವಂತ ಗಣಿ ಇತ್ತು, ಅವರ ಚಿನ್ನ ಇಳಿಯಲಿಲ್ಲ. ವೆನಿಸ್‌ನವರ ಡುಕಾಟ್ ಸಹ ಹಾಗೆಯೇ.

ಒರೆಗಲ್ಲು_ಮೈಸೂರು:

ಮೇಷ್ಟ್ರೇ, ಅರ್ಧ ಒಪ್ಪುತ್ತೇನೆ. ಇಳಿದರು ನಿಜ. ಆದರೆ ಇಳಿದ ಮೇಲೂ ನೂರು ವರ್ಷಕ್ಕಿಂತ ಜಾಸ್ತಿ ಕಾಲ ಜರ್ಮನ್ ನಾಡಿನ ದೊಡ್ಡ ಲೆಕ್ಕವೆಲ್ಲ ಈ ನಾಣ್ಯದಲ್ಲೇ ನಡೆಯಿತು. ಬೆಳ್ಳಿ ಚಿಲ್ಲರೆಯ ಗೊಂದಲದ ಮುಂದೆ ಇದೇ ವಾಸಿ ಅಂತ ಜನರಿಗೆ ಅನಿಸಿದ್ದಕ್ಕೆ ಅಲ್ವಾ?

ಲೆಕ್ಕದ_ಮೇಷ್ಟ್ರು:

ವಾಸಿ ಅಂತ ಅಲ್ಲ ಸರ್, ಬೇರೆ ದಾರಿ ಇರಲಿಲ್ಲ. ನದಿ ಅವರ ಕೈಯಲ್ಲಿತ್ತು.

ಚಿನಿವಾರರ_ಮನೆ:

ನಾನು ಧಾರವಾಡದವಳು, ನಮ್ಮದು ತಲೆತಲಾಂತರದಿಂದ ಬಂಗಾರದ ಕೆಲಸ. ಕ್ಯಾರೆಟ್ ಮಾತು ಬಂದಿದ್ದರಿಂದ ಬಾಯಿ ಹಾಕುತ್ತಿದ್ದೇನೆ. ಅಲ್ಲಿಯವರೂ ನಮ್ಮ ಹಾಗೆ ಕಪ್ಪು ಕಲ್ಲಿನ ಮೇಲೆ ಉಜ್ಜಿ, ಪಕ್ಕದಲ್ಲಿ ಗೊತ್ತಿರುವ ಮಟ್ಟದ ಚಿನ್ನದ ಕಡ್ಡಿ ಉಜ್ಜಿ, ಎರಡು ಗೀರಿನ ಬಣ್ಣ ಹೋಲಿಸಿ ನೋಡುತ್ತಿದ್ದರು. ಪಳಗಿದ ಕಣ್ಣಿಗೆ 23ಕ್ಕೂ 19ಕ್ಕೂ ವ್ಯತ್ಯಾಸ ಕಾಣಲಿಕ್ಕೆ ಎರಡು ನಿಮಿಷ ಸಾಕು. ಹಾಗಾಗಿ ಮೋಸ ಹೋಗುವವರು ಯಾವಾಗಲೂ ಕಲ್ಲು ಇಲ್ಲದವರು.

ವೆನಿಸ್ ಡುಕಾಟ್ ಅಂದಿರಲ್ಲ ಮೇಷ್ಟ್ರೇ, ಅದು ನಮಗೆ ಪರಕೀಯ ಅಲ್ಲ. ಪಶ್ಚಿಮ ಕರಾವಳಿಯ ಬಂದರುಗಳಿಗೆ ಮೆಣಸಿನ ವ್ಯಾಪಾರದಲ್ಲಿ ಬೇಕಾದಷ್ಟು ಬಂದಿದೆ. ಪುತಳಿ ಸರ ನೋಡಿದ್ದೀರಲ್ಲ? ಆ ಪುತಳಿಗೆ ಮೂಲ ಈ ವೆನಿಸ್ ನಾಣ್ಯ. ಸರಿಯಾಗಿ ನೋಡಿದರೆ ಒಂದು ಕಡೆ ಒಬ್ಬ ಮಂಡಿಯೂರಿದ್ದಾನೆ, ಇನ್ನೊಬ್ಬ ನಿಂತಿದ್ದಾನೆ, ನಡುವೆ ಒಂದು ಧ್ವಜದ ಕೋಲು. ಮಂಡಿಯೂರಿದವನು ವೆನಿಸ್‌ನ ದೊರೆ, ನಿಂತವನು ಸಂತ ಮಾರ್ಕ. ನಕಲಿನ ಮೇಲೆ ನಕಲು ಆಗಿ ನಮ್ಮ ಕಡೆ ಬರುವಷ್ಟರಲ್ಲಿ ಇಬ್ಬರೂ ಗೊಂಬೆಗಳಾಗಿದ್ದಾರೆ.

ಈ ಡುಕಾಟನ್ನೂ ಚರ್ಚಿನವರು ನಕಲು ಮಾಡಿದ್ದಾರೆ. ರೋಡ್ಸ್ ದ್ವೀಪ ಆಳುತ್ತಿದ್ದ ಸಂತ ಯೋಹಾನನ ಪಂಗಡದ ಯೋಧರು ಗೊತ್ತಲ್ಲ, ಅರ್ಧ ಸನ್ಯಾಸಿ ಅರ್ಧ ಸೈನಿಕರು? ಅವರು ವೆನಿಸ್ ಚಿತ್ರವನ್ನೇ ಎತ್ತಿಕೊಂಡು, ಮಂಡಿಯೂರಿದ ದೊರೆಯ ಜಾಗದಲ್ಲಿ ತಮ್ಮ ಮುಖ್ಯಸ್ಥನನ್ನು, ಮಾರ್ಕನ ಜಾಗದಲ್ಲಿ ಯೋಹಾನನನ್ನು ಇಟ್ಟು ಚಿನ್ನದ ನಾಣ್ಯ ಮಾಡಿದರು. 1522ರಲ್ಲಿ ಆಟೊಮನ್ ತುರ್ಕರು ದ್ವೀಪ ಹಿಡಿಯುವ ತನಕ ಅಲ್ಲಿ ಅವರದ್ದೇ ಆಳ್ವಿಕೆ.

ಇನ್ನೊಂದು ಕಾಕತಾಳೀಯ. ಆ ಕಡೆ ರೈನ್ ಮೇಲೆ ಒಪ್ಪಂದ ಆಗುವಾಗ ಈ ಕಡೆ ವಿಜಯನಗರದಲ್ಲಿ ಎರಡನೇ ಹರಿಹರ ಆಳುತ್ತಿದ್ದ. ಅವನ ಚಿನ್ನದ ನಾಣ್ಯದ ಮೇಲೆ ಉಮಾಮಹೇಶ್ವರ. ವಿಜಯನಗರದ ವರಹದ ತೂಕ ಸುಮಾರು 3.4 ಗ್ರಾಂ. ಗುಲ್ಡನ್ ಪಕ್ಕ ಇಟ್ಟರೆ ತಕ್ಕಡಿ ಹೆಚ್ಚು ಅಲ್ಲಾಡುವುದಿಲ್ಲ. ಒಬ್ಬರನ್ನೊಬ್ಬರು ನೋಡಿ ಮಾಡಿದ್ದಲ್ಲ, ಆದರೂ ನನಗೆ ಖುಷಿಯಾಗುತ್ತದೆ.

ಮಾರಾಯ್ರೆ_72:

ಮೇಡಂ, ನಿಮ್ಮ ಪುತಳಿ ಕಥೆ ನಮ್ಮ ಅಮ್ಮನಿಗೆ ಓದಿ ಹೇಳಿದೆ. ಈಗ ಅವರ ಅಕ್ಕನ ಸರ ತರಿಸಿ ಭೂತಗನ್ನಡಿ ಹಿಡಿದು ಕೂತಿದ್ದಾರೆ.

ಸಾಲ್ಸ್‌ಬರ್ಗ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ರೈನ್‌ನವರಿಗೆ ಸ್ವಂತ ಚಿನ್ನ ಇರಲಿಲ್ಲ, ನದಿಯೇ ಅವರ ಗಣಿ. ಸಾಲ್ಸ್‌ಬರ್ಗ್ ಆರ್ಚ್‌ಬಿಷಪ್‌ಗೆ ಹಾಗಲ್ಲ, ಆಲ್ಪ್ಸ್ ಬೆಟ್ಟದಲ್ಲಿ ಗಾಸ್ಟೈನ್, ರೌರಿಸ್ ಅನ್ನುವ ಕಣಿವೆಗಳಲ್ಲಿ ನಿಜವಾದ ಚಿನ್ನದ ಗಣಿಗಳು. ಅಲ್ಲಿ 1495ರಿಂದ 1519ರ ತನಕ ಆಳಿದವನು ಲಿಯೊನಾರ್ಡ್ ಫಾನ್ ಕೊಯ್ಟ್ಶಾಖ್. ಅವನ ಮನೆತನದ ಲಾಂಛನ ಏನು ಗೊತ್ತಾ? ಟರ್ನಿಪ್ ಗೆಡ್ಡೆ! ಸಿಂಹ, ಹದ್ದು ಎಲ್ಲ ಬಿಟ್ಟು ಗೆಡ್ಡೆ. ನಾಣ್ಯದ ಮೇಲೂ ಗೆಡ್ಡೆ, ಸಾಲ್ಸ್‌ಬರ್ಗ್ ಕೋಟೆಯ ಗೋಡೆ ತುಂಬಾ ಗೆಡ್ಡೆ. ಪೋಲಿ ಹುಡುಗನಾಗಿದ್ದಾಗ ಅವನ ಮಾವ ತಲೆಗೆ ಗೆಡ್ಡೆ ಎಸೆದು ಬುದ್ಧಿ ಕಲಿಸಿದ ಅಂತ ಊರವರು ಕಥೆ ಹೇಳುತ್ತಾರೆ. ಹಾಸನದವರೇ, ನೀವು ಹೇಗೂ ಆ ಕಡೆಯೇ ಇದ್ದೀರಿ, ಅತ್ತೆಯನ್ನು ಅಲ್ಲಿಗೂ ಕರೆದುಕೊಂಡು ಹೋಗಿ.

ಇತಿಹಾಸ_ಟೀಚರ್:

ತಡವಾಗಿ ಬಂದೆ. ಈ ಗುಲ್ಡನ್ ಎಲ್ಲಿಗೆ ಹೋಗಿ ಮುಟ್ಟಿತು ಅನ್ನುವುದನ್ನು ಯಾರೂ ಬರೆದಿಲ್ಲ, ಅದನ್ನಷ್ಟೇ ಸೇರಿಸುತ್ತೇನೆ.

ಹೊಸ ಆರ್ಚ್‌ಬಿಷಪ್ ಆಯ್ಕೆಯಾದರೆ ಪೋಪ್ ಒಪ್ಪಿಗೆ ಕೊಡಬೇಕು, ಆ ಒಪ್ಪಿಗೆಗೆ ರೋಮ್‌ಗೆ ಹಣ ಕಟ್ಟಬೇಕು. ಮೈಂಟ್ಸ್‌ನಂಥ ದೊಡ್ಡ ಪೀಠಕ್ಕೆ ಅದು ಸಾವಿರಗಳ ಲೆಕ್ಕ. 1459ರಲ್ಲಿ ಆಯ್ಕೆಯಾದ ಡೀಟರ್ ಫಾನ್ ಈಸೆನ್‌ಬುರ್ಗ್ ಇಷ್ಟು ಕೊಡಲಾರೆ ಅಂತ ಜಗಳ ತೆಗೆದ. ಪೋಪ್ ಅವನನ್ನು ಇಳಿಸಿ ಇನ್ನೊಬ್ಬ ನಾಸೌ ಅಡಾಲ್ಫ್‌ನನ್ನು ಕೂರಿಸಿದ. ಒಂದು ಪೀಠಕ್ಕೆ ಇಬ್ಬರು, ಸರಿಯಾದ ಯುದ್ಧವೇ ಆಯಿತು. 1462ರ ಅಕ್ಟೋಬರ್ ಕೊನೆಯಲ್ಲಿ ಅಡಾಲ್ಫ್‌ನ ಸೈನ್ಯ ಮೈಂಟ್ಸ್‌ಗೆ ನುಗ್ಗಿ ಲೂಟಿ ಮಾಡಿತು, ಊರಿನ ಸ್ವಾತಂತ್ರ್ಯ ಹೋಯಿತು. ಆಗಷ್ಟೇ ಅಲ್ಲಿ ಹುಟ್ಟಿದ್ದ ಅಚ್ಚುಕೂಟದ ಕೆಲಸಗಾರರು ಬೇರೆ ಬೇರೆ ಊರಿಗೆ ಚದುರಿದರು, ಅವರ ಜೊತೆ ಮುದ್ರಣ ವಿದ್ಯೆಯೂ ಹರಡಿತು.

ಆಮೇಲೆ 1514. ಹೊಹೆನ್‌ಜೊಲರ್ನ್ ಮನೆತನದ ಅಲ್‌ಬ್ರೆಶ್ಟ್, ಇಪ್ಪತ್ನಾಲ್ಕು ವರ್ಷದ ಹುಡುಗ, ಆಗಲೇ ಮಾಗ್ಡೆಬುರ್ಗ್ ಆರ್ಚ್‌ಬಿಷಪ್. ಅವನಿಗೆ ಮೈಂಟ್ಸ್ ಕೂಡ ಬೇಕು. ನಿಯಮ ಮೀರಿ ಎರಡು ಪೀಠ ಇಟ್ಟುಕೊಳ್ಳಲು ರೋಮ್‌ಗೆ ಹೆಚ್ಚುವರಿ ಹಣ. ಆಗ್ಸ್‌ಬುರ್ಗ್‌ನ ಫುಗ್ಗರ್ ಸಾಹುಕಾರರಿಂದ 29,000 ರೈನ್ ಗುಲ್ಡನ್ ಸಾಲ ಮಾಡಿದ. ಸಾಲ ತೀರಿಸುವುದು ಹೇಗೆ? ಪಾಪಕ್ಷಮೆಯ ಪತ್ರ ಮಾರಲು ಅನುಮತಿ ಸಿಕ್ಕಿತು, ಅರ್ಧ ಹಣ ರೋಮ್‌ನ ಸಂತ ಪೇತ್ರರ ಚರ್ಚ್ ಕಟ್ಟಲು, ಅರ್ಧ ಸಾಲಕ್ಕೆ. ಅಲ್‌ಬ್ರೆಶ್ಟ್ ಮಾರಾಟಗಾರರಿಗೆ ಕೊಟ್ಟ ಸೂಚನೆಯಲ್ಲಿ ದರದ ಪಟ್ಟಿಯೇ ಇದೆ. ರಾಜ, ರಾಣಿ, ಬಿಷಪ್‌ಗಳಿಗೆ 25 ರೈನ್ ಗುಲ್ಡನ್. ಅಲ್ಲಿಂದ ಅಂತಸ್ತಿಗೆ ತಕ್ಕ ಹಾಗೆ ಇಳಿಯುತ್ತಾ ಒಂದು, ಅರ್ಧದ ತನಕ ಬರುತ್ತದೆ. ಏನೂ ಇಲ್ಲದ ಬಡವರು ಪ್ರಾರ್ಥನೆ, ಉಪವಾಸ ಮಾಡಿದರೆ ಸಾಕು.

ಈ ಮಾರಾಟ ನೋಡಿಯೇ ಲೂಥರ್ 1517ರ ಅಕ್ಟೋಬರ್ 31ರಂದು ಪತ್ರ ಬರೆದ. ಯಾರಿಗೆ ಅಂದರೆ ಇದೇ ಅಲ್‌ಬ್ರೆಶ್ಟ್‌ಗೆ, ತನ್ನ 95 ವಾದಗಳನ್ನು ಜೊತೆಗಿಟ್ಟು. ನಾವು ಕ್ಲಾಸಿನಲ್ಲಿ ಚರ್ಚಿನ ಬಾಗಿಲಿಗೆ ಮೊಳೆ ಹೊಡೆದ ಅಂತ ಮಾತ್ರ ಹೇಳಿ ಮುಗಿಸಿಬಿಡುತ್ತೇವೆ, ಆ ಸಾಲದ ವಿಷಯ ಹೇಳಿದರೆ ಮಕ್ಕಳು ಇನ್ನೂ ಚೆನ್ನಾಗಿ ಕೇಳುತ್ತಾರೆ.

ಹಾಸನದ_ಹುಡುಗ:

ಟೀಚರ್, ಶಾಲೆಯಲ್ಲಿ ನೀವು ಸಿಕ್ಕಿದ್ದರೆ ನಾನು ಇಂಜಿನಿಯರಿಂಗ್ ಮಾಡುತ್ತಿರಲಿಲ್ಲ.

ಎರಡು ಸಣ್ಣ ಪ್ರಶ್ನೆ. ಇವರ ಆಳ್ವಿಕೆ ಯಾವಾಗ ಮುಗಿಯಿತು? ಮತ್ತೆ, ಒಂದು ಗುಲ್ಡನ್ ಕೊಂಡುಕೊಳ್ಳೋಣ ಅನಿಸಿದೆ, ಇಲ್ಲಿ ಹರಾಜಿನಲ್ಲಿ ಬರುತ್ತವಂತೆ. ಬೇಡ ಅಂತ ಹೆಂಡತಿ, ತಗೋ ಅಂತ ಅತ್ತೆ.

ಇತಿಹಾಸ_ಟೀಚರ್:

ರೈನ್ ಎಡದಂಡೆಯನ್ನು ಫ್ರಾನ್ಸಿನ ಕ್ರಾಂತಿ ಸೈನ್ಯ ಮೊದಲೇ ನುಂಗಿತ್ತು. 1803ರಲ್ಲಿ ಜರ್ಮನ್ ಸಾಮ್ರಾಜ್ಯವೇ ಬಿಷಪ್‌ಗಳ ನಾಡುಗಳನ್ನು ಬಹುಮಟ್ಟಿಗೆ ಕಿತ್ತು ಬೇರೆ ದೊರೆಗಳಿಗೆ ಹಂಚಿತು. ಈಗ ಅಂಥದ್ದು ಉಳಿದಿರುವುದು ವ್ಯಾಟಿಕನ್. ಅರ್ಧ ಲೆಕ್ಕಕ್ಕೆ ಅಂಡೋರಾ ಹಿಡಿಯಬಹುದು, ಅಲ್ಲಿಯ ಇಬ್ಬರು ಜಂಟಿ ದೊರೆಗಳಲ್ಲಿ ಒಬ್ಬರು ಇಂದಿಗೂ ಸ್ಪೇನಿನ ಉರ್ಗೆಲ್‌ನ ಬಿಷಪ್, ಇನ್ನೊಬ್ಬರು ಫ್ರಾನ್ಸಿನ ಅಧ್ಯಕ್ಷರು.

ಒರೆಗಲ್ಲು_ಮೈಸೂರು:

ಕೊಳ್ಳುವ ವಿಷಯ ನನಗೆ ಬಿಡಿ, ಏಟು ತಿಂದವನು ನಾನು. ಏಳೆಂಟು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಒಬ್ಬನಿಂದ ಕೊಲೋನ್ ಗುಲ್ಡನ್ ತರಿಸಿದೆ. ಫೋಟೋದಲ್ಲಿ ದೇವರ ಹಾಗೆ ಹೊಳೆಯುತ್ತಿತ್ತು. ಕೈಗೆ ಬಂದ ಮೇಲೆ ತೂಗಿದರೆ 2.9 ಗ್ರಾಂ. ಅಂಚಿನಲ್ಲಿ ಸುತ್ತ ಒಂದು ಸಣ್ಣ ಗೆರೆ, ಅಂದರೆ ಎರಡು ಅರ್ಧದ ಅಚ್ಚಿಗೆ ಎರಕ ಹೊಯ್ದದ್ದು. ನಿಜವಾದ ಗುಲ್ಡನ್ ಎರಕ ಅಲ್ಲ. ತಗಡು ಬಡಿದು, ಕತ್ತರಿಯಿಂದ ಬಿಲ್ಲೆ ಕತ್ತರಿಸಿ, ಎರಡು ಉಕ್ಕಿನ ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದದ್ದು. ಹಾಗಾಗಿ ಪೂರ್ತಿ ದುಂಡಗೆ ಇರುವುದಿಲ್ಲ, ಚಿತ್ರ ನಡುವಿಗೆ ಕೂತಿರುವುದಿಲ್ಲ, ಒಂದು ಕಡೆ ಅಕ್ಷರ ಮಾಸಿರುತ್ತದೆ. ತೀರಾ ಚೆಂದ ಇದ್ದರೆ ಅನುಮಾನ ಪಡಿ. ಅಂಚು ಯಾರಾದರೂ ಕೆತ್ತಿಕೊಂಡಿದ್ದಾರಾ ನೋಡಿ. ಸರದಿಂದ ಬಿಚ್ಚಿದ್ದಾದರೆ ಮೇಲ್ಗಡೆ ಬೆಸುಗೆಯ ಗುರುತು ಇರುತ್ತದೆ, ಅಂಥದ್ದು ಅಗ್ಗ. ಅಲ್ಲಿ ಎಲ್ಲಿಂದ ಬಂತು ಅಂತ ಬರೆದುಕೊಡುವ, ಸುಳ್ಳಾದರೆ ವಾಪಸ್ ತಗೊಳ್ಳುವ ಹರಾಜಿನವರ ಹತ್ತಿರ ಮಾತ್ರ ಹೋಗಿ. ಎರಡನೇ ಯೋಹಾನನ ಹ್ಯೋಕ್ಸ್ಟ್ ನಾಣ್ಯ ತೀರಾ ಅಪರೂಪ ಏನಲ್ಲ, ಆತುರ ಬೇಡ.

ಚಿನಿವಾರರ_ಮನೆ:

ಮತ್ತೆ ದಯವಿಟ್ಟು ಉಪ್ಪು, ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ನಗುತ್ತಿಲ್ಲ, ನಮ್ಮ ಅಂಗಡಿಗೆ ಹಾಗೆ ತಿಕ್ಕಿ ತಂದವರಿದ್ದಾರೆ.

ಹಾಸನದ_ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಮತ್ತೆ ಮ್ಯೂಸಿಯಂಗೆ ಹೋಗಿ ಬಂದೆವು. ಚಕ್ರ ಸಿಕ್ಕಿತು, ಚೌಕುಳಿ ಸಿಕ್ಕಿತು, ಎರಡು ಶಿಲುಬೆಯಲ್ಲಿ ಯಾವುದು ಕೊಲೋನ್ ಯಾವುದು ಟ್ರಿಯರ್ ಅಂತ ಅರ್ಧ ಗಂಟೆ ಗಾಜಿಗೆ ಮೂಗು ಒತ್ತಿ ನಿಂತರೂ ಗೊತ್ತಾಗಲಿಲ್ಲ. ಕಾವಲಿನವನು ಎರಡು ಸಲ ಬಂದು ನೋಡಿ ಹೋದ. ಸ್ವಾಮಿಯ ಒಳಗಿನ ರಾಜ ಅನ್ನುವ ಉತ್ತರ ಅತ್ತೆಗೆ ಹೇಳಿದೆ. "ಹಾಗಾದರೆ ಸುಂಕ ಕೊಡದೆ ಹೋದ ದೋಣಿಯವನಿಗೆ ಶಾಪ ಹಾಕ್ತಿದ್ದರೋ, ಜೈಲಿಗೆ ಹಾಕ್ತಿದ್ದರೋ ಕೇಳು" ಅಂದಿದ್ದಾರೆ. ಒರೆಗಲ್ಲು ಸರ್?

ಒರೆಗಲ್ಲು_ಮೈಸೂರು:

ದೋಣಿ, ಸರಕು ಎರಡನ್ನೂ ಹಿಡಿದಿಟ್ಟುಕೊಳ್ಳುವುದು ಮೊದಲ ಕೆಲಸ. ಆಮೇಲೆ ಎರಡೂ ಅಸ್ತ್ರ ಕೈಯಲ್ಲಿ ಇತ್ತು ಅಂತ ಹೇಳಿ ಅತ್ತೆಯವರಿಗೆ.